ಹೆಪ್ಪಿಗೆ ತಂದ ಜೀವಕೋಶಗಳು

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮೊದಲ ದಿನ ಮಾಡುವ ಕೆಲಸವೆಂದರೆ ಬಿಳಿ ಕೋಟು ತೊಟ್ಟು, ಸೂಕ್ಷ್ಮದರ್ಶಕದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು. ತೆಗೆಸಿಕೊಳ್ಳಲಿ, ಬೇಡ ಅನ್ನಲು ನಾನ್ಯಾರು? ಎರಡನೆಯ ದಿನದಿಂದ ಗಾಜಿನ ಸಾಮಾನು ತೊಳೆಯಬೇಕಾಗುತ್ತದೆ, ಅದರ ಫೋಟೊ ಯಾರೂ ತೆಗೆಯುವುದಿಲ್ಲ. ಈ ಬರಹ ಆ ಎರಡನೆಯ ದಿನದವರಿಗೆ.

ನಾನು ಗಿರಿಜಾ, ಬ್ಯಾಡಗಿಯವಳು. ನಮ್ಮ ಭಾಗದ ಒಂದು ವಿಶ್ವವಿದ್ಯಾಲಯದ ಕ್ಯಾನ್ಸರ್ ಔಷಧ ಸಂಶೋಧನಾ ಲ್ಯಾಬಿನಲ್ಲಿ ತಾಂತ್ರಿಕ ಸಹಾಯಕಿಯಾಗಿದ್ದೆ. ದಿನಾ ಬಸ್ಸು ಹತ್ತಿ ಹಾವೇರಿ ಕಡೆ ಹೋಗುವುದು, ಸಂಜೆ ಬರುವುದು. ನೆಂಟರ ಕಣ್ಣಿಗೆ ನಾನು ಅರ್ಧ ಡಾಕ್ಟರ್. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಪಕ್ಕದವರು ಹೊಟ್ಟೆನೋವಿನ ರಿಪೋರ್ಟು ಬಿಚ್ಚಿ ತೋರಿಸುತ್ತಿದ್ದರು. ನಾನು ನೋಡುವುದು ರೋಗಿಗಳನ್ನಲ್ಲ ಎಂದು ಎಷ್ಟು ಹೇಳಿದರೂ ನಂಬುತ್ತಿರಲಿಲ್ಲ. ಕೊನೆಗೆ ನಮ್ಮ ಅತ್ತೆಗೆ ಬಿಡಿಸಿ ಹೇಳಿದೆ: "ಅತ್ತೀ, ಹುಬ್ಬಳ್ಳಿ ಡಾಕ್ಟರು ಕ್ಯಾನ್ಸರ್ ಕೊಲ್ಲತಾರ್ರಿ. ನಾ ಅದನ್ನ ಸಾಕತೇನಿ." ಅದು ಖರೇ ಮಾತು. ಕ್ಯಾನ್ಸರ್ ಜೀವಕೋಶಗಳನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಬೆಳೆಸಿ, ಹಸಿವಾಗದಂತೆ ಗುಲಾಬಿ ಬಣ್ಣದ ಪೋಷಕ ದ್ರವ ಹಾಕಿ, ಮೈ ಬೆಚ್ಚಗಿರುವಂತೆ ಪೆಟ್ಟಿಗೆಯಲ್ಲಿಟ್ಟು ನೋಡಿಕೊಳ್ಳುವುದೇ ನನ್ನ ಕೆಲಸ. ಸಾಕಿದ ಮೇಲೆ ಅವುಗಳಿಗೆ ಔಷಧ ಹಾಕಿ ಸಾಯುತ್ತವೆಯೋ ಇಲ್ಲವೋ ನೋಡುವುದು ವಿದ್ಯಾರ್ಥಿಗಳ ಕೆಲಸ. ಅತ್ತೆ ಎಲ್ಲ ಕೇಳಿಸಿಕೊಂಡು ಹೂಂ ಅಂದರು. ಆಮೇಲೆ ಬಹಳ ದಿನ ನನ್ನ ಕೈಯ ಚಹಾ ಕುಡಿಯಲಿಲ್ಲ.

ಈ ಜೀವಕೋಶಗಳಷ್ಟು ಸೊಕ್ಕಿನ ಜಾತಿಯನ್ನು ನಾನು ನೋಡಿಲ್ಲ. ಮನುಷ್ಯನ ಮೈಯೊಳಗೆ ಯಾರ ಮಾತೂ ಕೇಳದೆ ಬೆಳೆಯುವ ಇವು, ಬಾಟಲಿಯಲ್ಲಿ ಮಾತ್ರ ಹೊಸ ಸೊಸೆಯ ಹಾಗೆ ಸಣ್ಣ ಸಣ್ಣದಕ್ಕೂ ಮುನಿಸಿಕೊಳ್ಳುತ್ತವೆ. ಬಾಟಲಿ ತೆರೆದಾಗ ಯಾರಾದರೂ ಬಾಗಿಲಲ್ಲಿ ನಿಂತು ಸೀನಿದರೆ ಮರುದಿನ ಬೂಷ್ಟು. ಕರೆಂಟು ಹೋಗಿ ಇನ್ವರ್ಟರ್ ಕೈಕೊಟ್ಟರೆ ಎಲ್ಲವೂ ಕೂಡಿ ಸಾಮೂಹಿಕ ಆತ್ಮಾರ್ಪಣೆ. ದೀಪಾವಳಿಗೆ ಎಲ್ಲರಿಗೂ ರಜೆ, ಇವುಗಳಿಗೆ ಊಟ ಹಾಕಲು ನಾನು ಎಣ್ಣೆ ನೀರು ಮುಗಿಸಿ ಒದ್ದೆ ತಲೆಯಲ್ಲೇ ಬಸ್ಸಿಗೆ ಓಡಬೇಕು. ನಮ್ಮ ಮನೆಯವರು ನಗುತ್ತಿದ್ದರು: "ನಿನ್ನ ಮಕ್ಕಳು ಹಾವೇರ್ಯಾಗ ಅಳಾಕತ್ತಾವು, ಹೋಗು."

ನಾನು ಸೇರಿದ ಕಾಲಕ್ಕೆ ಹಳಬರು ಗಾಜಿನ ಕೊಳವೆಯನ್ನು ಬಾಯಿಯಿಂದ ಹೀರಿ ದ್ರವ ಅಳೆಯುತ್ತಿದ್ದರು. ನಾನೂ ಹೀರಿದ್ದೇನೆ, ಒಮ್ಮೆ ನುಂಗಿಯೂ ಇದ್ದೇನೆ, ಏನೆಂದು ಇಲ್ಲಿ ಬರೆಯುವುದಿಲ್ಲ. ಜೀವಕೋಶ ಎಣಿಸಲು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಒಂದು ಕೈಯಲ್ಲಿ ಟಿಕ್ ಟಿಕ್ ಗುಂಡಿ ಒತ್ತುತ್ತ ಕೂರಬೇಕಿತ್ತು. ನಡುವೆ ಯಾರಾದರೂ "ಅಕ್ಕಾರ, ಚಾ?" ಎಂದರೆ ಲೆಕ್ಕ ತಪ್ಪಿ ಮೊದಲಿನಿಂದ ಶುರು. ಈಗ ಎಣಿಸುವ ಯಂತ್ರ ಬಂದಿದೆ. ಚಹಾ ಕುಡಿದು ಬರುವುದರೊಳಗೆ ಅದು ಎಣಿಸಿ ಮುಗಿಸಿರುತ್ತದೆ.

ನಮ್ಮ ಮುಖ್ಯಸ್ಥರು ಹಾದಿಮನಿ ಸರ್. ಅವರಿಗೆ ಸಿಟ್ಟು ಬಂದರೆ ಮೊದಲು ಕನ್ನಡಕ ತೆಗೆಯುತ್ತಿದ್ದರು. ಕನ್ನಡಕ ಮೇಜಿಗೆ ಬಿತ್ತೆಂದರೆ ವಿದ್ಯಾರ್ಥಿಗಳೆಲ್ಲ ಏನೋ ಮರೆತವರಂತೆ ಪಕ್ಕದ ಕೋಣೆಗೆ ಸರಿಯುತ್ತಿದ್ದರು. ಹತ್ತು ನಿಮಿಷ ಗುಡುಗಿ, ಕನ್ನಡಕ ಹುಡುಕಲು ನಮ್ಮನ್ನೇ ಕರೆದು, ಸಿಕ್ಕ ಮೇಲೆ "ಊಟ ಆತೇನ್ರಿ ಬಾಯಾರ?" ಎಂದು ಕೇಳುತ್ತಿದ್ದರು. ಮನುಷ್ಯ ಚಲೋ, ಹೆಸರಿನ ಆಸೆ ಸ್ವಲ್ಪ ಹೆಚ್ಚು. ಆ ಆಸೆ ಇಲ್ಲದವರು ಈ ಕೆಲಸಕ್ಕೆ ಯಾಕೆ ಬರುತ್ತಾರೆ, ಅದೂ ಖರೇ.

ಇನ್ನು ಶಬಾನಾ. ರಾಣೆಬೆನ್ನೂರಿನ ಹುಡುಗಿ, ಪಿಎಚ್.ಡಿ. ಮಾಡಲು ಬಂದವಳು. ಅವಳಿಗೆ ಸಿಕ್ಕ ವಿಷಯ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು. ನಮ್ಮೂರಲ್ಲಿ ಹೆಂಗಸರು ಕೂತು ಬಿಡಿಸಿ ಬಿಸಾಡುವ ತೊಟ್ಟು ಅದು, ರಾಶಿ ರಾಶಿ. ಆ ತೊಟ್ಟಿನ ಸಾರಕ್ಕೆ ಬಾಯಿ ಕ್ಯಾನ್ಸರಿನ ಜೀವಕೋಶಗಳನ್ನು ಕೊಲ್ಲುವ ಗುಣ ಇದೆಯೇ ಎಂದು ನೋಡಬೇಕಿತ್ತು. ಗುಟ್ಕಾ ನಮ್ಮ ಭಾಗದಲ್ಲಿ ಮಾಡಿರುವ ಅನಾಹುತ ಎಲ್ಲರಿಗೂ ಗೊತ್ತು, ಹಾಗಾಗಿ ವಿಷಯ ಒಳ್ಳೆಯದೇ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎಂದು ಎಲ್ಲರಿಗೂ ಹೇಳಿದವಳು ನಾನೇ. ಅದನ್ನು ನಂಬಿ ಶಬಾನಾ ಗಾಳಿ ಹೀರುವ ಯಂತ್ರ ಹಾಕದೆ ಒಂದು ಚೀಲ ತೊಟ್ಟು ರುಬ್ಬಿದಳು. ತೊಟ್ಟಿನ ಜೊತೆ ಬೀಜ, ಸಿಪ್ಪೆ ಎಲ್ಲ ಇತ್ತು. ಅದೇ ಹೊತ್ತಿಗೆ ಬೆಂಗಳೂರಿನಿಂದ ತಪಾಸಣೆಗೆ ಬಂದ ಮೂವರು ಹಿರಿಯರನ್ನು ಸರ್ ಮೆಟ್ಟಿಲು ಹತ್ತಿಸಿ ಕರೆತರುತ್ತಿದ್ದರು. ಹಿರಿಯರು ಕಾರಿಡಾರಿನಲ್ಲಿ ಸೀನುತ್ತ, ಕೆಮ್ಮುತ್ತ, ಒಬ್ಬರ ಹೆಗಲು ಒಬ್ಬರು ಹಿಡಿದು ಹಿಂದಕ್ಕೆ ಹೋದರು. ಸರ್ ಕನ್ನಡಕ ತೆಗೆದರು, ಆದರೆ ಕಣ್ಣೀರು ಒರೆಸಿಕೊಳ್ಳಲು. ಬಯ್ಯಲು ಬಾಯಿ ತೆರೆದರೆ ಕೆಮ್ಮು. ಅಂದು ಶಬಾನಾ ಬಚಾವಾದಳು.

ಈಗ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಮನೆಯಲ್ಲಿ ಹೆಪ್ಪು ಮುಗಿದರೆ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತೇವಲ್ಲ, ಲ್ಯಾಬಿನವರೂ ಜೀವಕೋಶಗಳನ್ನು ಹಾಗೆಯೇ ತರುತ್ತಾರೆ. ಅವುಗಳ ಗುರುತು ಪರೀಕ್ಷಿಸಿ ಮಾರುವ ಸಂಸ್ಥೆಗಳಿವೆ, ಆದರೆ ದುಡ್ಡು ಬೇಕು, ಕಾಯಬೇಕು. ಗೆಳೆಯರ ಲ್ಯಾಬಿಗೆ ಫೋನ್ ಮಾಡಿದರೆ ನಾಳೆಯೇ ಸಿಗುತ್ತದೆ. ಬಾಯಿ ಕ್ಯಾನ್ಸರಿನ ಜೀವಕೋಶ ಬೇಕೆಂದಾಗ ಸರ್ ತಮ್ಮ ಗೆಳೆಯರೊಬ್ಬರಿಗೆ ಫೋನ್ ಮಾಡಿದರು. ನಾನು ಹೋಗಿ ಬಾಟಲಿ ಇಸಿದುಕೊಂಡು, ಥಂಡಿ ತಾಗದಂತೆ ಶಾಲಿನೊಳಗೆ ಎದೆಗವಚಿಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿದ್ದ ಅಜ್ಜಿ "ಎಷ್ಟ್ ತಿಂಗಳದು ಯವ್ವಾ?" ಎಂದು ಕೇಳಿದಳು. ನಾನು ಶಾಲು ಸರಿಸಲಿಲ್ಲ. ಬಾಟಲಿಯ ಮೇಲೆ ಹೆಸರಿನ ಚೀಟಿ ಇತ್ತು. ಹೆಪ್ಪು ಕೊಟ್ಟವರ ಮನೆಯಲ್ಲಿ ಅದು ಯಾವ ಹಾಲಿನದು ಎಂದು ಯಾರು ಕೇಳುತ್ತಾರೆ? ನಾವೂ ಕೇಳಲಿಲ್ಲ.

ಶಬಾನಾ ವರ್ಷಗಟ್ಟಲೆ ದುಡಿದಳು. ತೊಟ್ಟಿನ ಸಾರ ಹಾಕಿದರೆ ಜೀವಕೋಶಗಳು ಸಾಯುತ್ತಿದ್ದವು. ಒಮ್ಮೆ ಅಲ್ಲ, ಹಾಕಿದಾಗಲೆಲ್ಲ. ಅವಳ ಮೊದಲ ಪ್ರಬಂಧ ಒಂದು ಸಂಶೋಧನಾ ಪತ್ರಿಕೆಯಲ್ಲಿ ಬಂತು. ಸರ್ ಹಿಗ್ಗಿನಲ್ಲಿ ವರದಿಗಾರರೊಬ್ಬರ ಜೊತೆ ಮಾತಾಡಿದರು. ಮರುದಿನ ದಿನಪತ್ರಿಕೆಯಲ್ಲಿ 'ಬಾಯಿ ಕ್ಯಾನ್ಸರಿಗೆ ಬ್ಯಾಡಗಿ ಮೆಣಸಿನಕಾಯಿ ಮದ್ದು' ಎಂದು ದೊಡ್ಡ ಅಕ್ಷರ. ನಮ್ಮ ಓಣಿಯಲ್ಲಿ ನನಗೆ ಸನ್ಮಾನ ಆಗುವುದೊಂದು ಬಾಕಿ. ಅತ್ತೆ ಚಹಾ ಕೇಳಿ ಕುಡಿದರು.

ಆ ವಾರವೇ ಫಕ್ಕೀರಪ್ಪ ಬಂದರು. ಮೇಡ್ಲೇರಿಯವರು, ಎತ್ತಿನ ದಲ್ಲಾಳಿ. ಆಳು ಎತ್ತರ, ಮೀಸೆ ನನ್ನ ಹೆಸರಿನದೇ, ಗಿರಿಜಾ ಮೀಸೆ, ಹೆಗಲ ಮೇಲೆ ಟವೆಲ್ಲು. ಎಡಗಲ್ಲ ಮಾತ್ರ ಒಳಗೊಂದು ನಿಂಬೆಕಾಯಿ ಇಟ್ಟಂತೆ ಊದಿತ್ತು. ಹುಬ್ಬಳ್ಳಿಯಲ್ಲಿ ತೋರಿಸಿದ್ದರು. ಬಾಯಿ ಕ್ಯಾನ್ಸರು, ಬೇಗ ಆಪರೇಷನ್ ಆಗಬೇಕು, ತಡ ಮಾಡಿದರೆ ಕೈಮೀರುತ್ತದೆ ಎಂದು ಹೇಳಿ ಕಳಿಸಿದ್ದರು.

"ಗಲ್ಲ ಕೊಯ್ಯತಾರಂತ," ಎಂದರು ಫಕ್ಕೀರಪ್ಪ. "ದಲ್ಲಾಳಿಗೆ ಬಾಯೇ ಬಂಡವಾಳ. ಬಾಯಿ ಕೊಯ್ದ ಮ್ಯಾಲೆ ನಾ ಏನ್ ಎತ್ತಿನ ಹಂಗ ತಲಿ ಅಲ್ಲಾಡಿಸ್ಕೋತ ನಿಲ್ಲಬೇಕೇನ್ರಿ? ಆ ಮೆಣಸಿನಕಾಯಿ ಔಷಧ ಕೊಡ್ರಿ, ನಡೀತೇನಿ."

ಶಬಾನಾ ಅವರನ್ನು ಕೂರಿಸಿ ನೀರು ಕೊಟ್ಟಳು. "ಕಾಕಾ, ಅದು ಇನ್ನೂ ಔಷಧ ಆಗಿಲ್ರಿ. ಪ್ಲಾಸ್ಟಿಕ್ ಬಟ್ಟಲದಾಗ ಬೆಳೆಸಿದ ಜೀವಕೋಶ ಸತ್ತಾವು, ಅಷ್ಟ. ಮನಶ್ಯಾರಿಗೆ ಕೊಟ್ಟು ನೋಡಿಲ್ಲ. ನೀವು ಆಪರೇಷನ್ ಮಾಡಿಸ್ಕೋರಿ."

"ಹಂಗಾರ ನನಗ ಕೊಟ್ಟು ನೋಡ್ರಿ. ನಾ ಏನ್ ಬ್ಯಾಡ ಅಂದೇನಿ?"

ಅವಳು ಕೊಡಲಿಲ್ಲ. ಎಷ್ಟು ಬೇಡಿದರೂ ಕೊಡಲಿಲ್ಲ. ಅವರು "ಆತು ಬಿಡವ್ವಾ, ಹುಬ್ಬಳ್ಳಿಗೆ ಹೋಗತೇನಿ" ಎಂದು ಎದ್ದರು. ಏನಾದರೂ ಬೇಕಾದರೆ ಫೋನ್ ಮಾಡಿ ಎಂದು ನನ್ನ ನಂಬರ್ ಕೊಟ್ಟೆ. ಅವರು ಹೋದ ಮೇಲೆ ಶಬಾನಾ ಹೆಮ್ಮೆಯಿಂದಲೂ ಸಂಕಟದಿಂದಲೂ ಹೇಳಿದಳು: "ಅಕ್ಕಾರ, ಇನ್ನೊಂದ್ ಸ್ವಲ್ಪ ವರ್ಷ ಸಿಕ್ಕಿದ್ರ ಖರೇನ ಔಷಧ ಆಗತಿತ್ತು ನೋಡ್ರಿ."

ಅವಳ ಎರಡನೆಯ ಪ್ರಬಂಧ ಇನ್ನೂ ದೊಡ್ಡ ಪತ್ರಿಕೆಗೆ ಹೋಗಿತ್ತು. ಆ ಪತ್ರಿಕೆಯವರು ಒಂದು ಕಾಗದ ಬೇಕು ಎಂದರು: ನಿಮ್ಮ ಜೀವಕೋಶಗಳು ಯಾವುವು ಎಂಬ ಡಿಎನ್‌ಎ ಪರೀಕ್ಷೆಯ ವರದಿ. ಈಗ ಎಲ್ಲರೂ ಕೇಳುತ್ತಾರೆ, ನಮ್ಮ ಕಾಲದಲ್ಲಿ ಕೇಳುತ್ತಿರಲಿಲ್ಲ. ಹತ್ತನೇ ತರಗತಿಯ ಮಕ್ಕಳ ಜಾತಿ ಪ್ರಮಾಣಪತ್ರದಂತೆ ಇದೂ ಒಂದು ಎಂದುಕೊಂಡು ಸ್ವಲ್ಪ ಜೀವಕೋಶ ಪರೀಕ್ಷೆಗೆ ಕಳಿಸಿದೆವು.

ವರದಿ ಬಂತು. ಶಬಾನಾ ಓದಿದಳು, ಮತ್ತೆ ಓದಿದಳು, ನನ್ನ ಕೈಗೆ ಕೊಟ್ಟಳು. ನಮ್ಮ ಬಾಟಲಿಯಲ್ಲಿದ್ದವು ಬಾಯಿಯ ಜೀವಕೋಶಗಳೇ ಅಲ್ಲ. ಗರ್ಭಕಂಠದ ಕ್ಯಾನ್ಸರಿನ ಒಂದು ಹಳೆಯ ತಳಿ, ಜಗತ್ತಿನ ಲ್ಯಾಬುಗಳಲ್ಲೆಲ್ಲ ಇರುವಂಥದ್ದು. ಅದು ಹೊಲದ ಗರಿಕೆ ಇದ್ದ ಹಾಗೆ. ಒಂದು ಹನಿ ಬೇರೆ ಬಾಟಲಿಗೆ ಬಿದ್ದರೆ ಸಾಕು, ಕೆಲ ವಾರಗಳಲ್ಲಿ ಅಲ್ಲಿದ್ದ ಬೆಳೆಯನ್ನೆಲ್ಲ ನುಂಗಿ ತಾನೇ ತುಂಬಿಕೊಳ್ಳುತ್ತದೆ. ಹೊರಗಿನ ಚೀಟಿ ಮಾತ್ರ ಹಳೆಯದೇ ಇರುತ್ತದೆ. ಸರ್ ಗೆಳೆಯರಿಗೆ ಫೋನ್ ಮಾಡಿದರು. ಅವರು ಇನ್ಯಾರಿಂದಲೋ ತಂದಿದ್ದರು. ಆ ಇನ್ಯಾರೋ ಮತ್ಯಾರಿಂದಲೋ. ಹನಿ ಎಲ್ಲಿ ಬಿತ್ತೋ ದೇವರಿಗೇ ಗೊತ್ತು. ಶಬಾನಾ ಇಷ್ಟು ವರ್ಷ ಕೊಂದದ್ದು ಬಾಯಿ ಕ್ಯಾನ್ಸರನ್ನು ಅಲ್ಲವೇ ಅಲ್ಲ.

ಸರ್ ಕನ್ನಡಕ ತೆಗೆದರು. ನಾವು ಕಾದೆವು. ಅವರು ಗುಡುಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಇನ್ನೊಮ್ಮೆ ಪರೀಕ್ಷಾಕ್ಕ ಕಳಸೋಣು," ಎಂದರು ಮೆಲ್ಲಗೆ. "ಅಲ್ಲೀತನಾ ಯಾರಿಗೂ ಹೇಳೂದು ಬ್ಯಾಡ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಪರೀಕ್ಷೆ ಮಾಡುವವರೂ ಮನುಷ್ಯರೇ. ಇನ್ನೊಂದು ವರದಿ ಬರುವವರೆಗೆ ಕಾಯುವುದು ಶಾಸ್ತ್ರಕ್ಕೆ ಸರಿಯಾದದ್ದೇ. ಆದರೆ ಮರುದಿನ ನನ್ನ ಮೊಬೈಲಿಗೆ ಫಕ್ಕೀರಪ್ಪನವರ ಹೆಂಡತಿ ಗಂಗವ್ವನ ಫೋನ್ ಬಂತು.

"ಅಕ್ಕಾರ, ಇವರು ಹುಬ್ಬಳ್ಳಿಗೆ ಹೋಗೇ ಇಲ್ರಿ. ಬ್ಯಾಡಗಿಯಿಂದ ತೊಟ್ಟು ತರಿಸಿ ಕುದಿಸಿ ಕುಡಿಯಾಕತ್ತಾರ. ಆ ಹುಡುಗಿ ಔಷಧ ತಯಾರ್ ಮಾಡೂತನಾ ತಡೀತೇನಿ ಅಂತಾರ. ಪೇಪರ್ ಕಟಿಂಗ್ ಕಿಸೇದಾಗ ಇಟಗೊಂಡು ತಿರಗತಾರ್ರಿ. ಗಲ್ಲ ಇನ್ನೂ ದಪ್ಪ ಆಗೇತಿ."

ನಾನು ಫೋನನ್ನು ಶಬಾನಾಳ ಕೈಗೆ ಕೊಟ್ಟೆ. ಅವಳು ಕೇಳಿಸಿಕೊಂಡು ಸೀದಾ ಸರ್ ಕೋಣೆಗೆ ಹೋದಳು. ನಾನು ಹಿಂದೆ.

"ಸರ್, ನಾ ಮೇಡ್ಲೇರಿಗೆ ಹೋಗಾಕತ್ತೇನ್ರಿ. ಎರಡನೇ ರಿಪೋರ್ಟ್ ನಾವು ಕಾಯಬಹುದು. ಅವರ ಗಲ್ಲ ಕಾಯೂದಿಲ್ಲ."

ಸರ್ ಮೇಜಿನ ಮೇಲಿದ್ದ ವರದಿಯನ್ನು ಮಡಚಿ ಬದಿಗಿಟ್ಟರು. ಆ ಪ್ರಬಂಧ ಹೋದರೆ ಅವರ ಹೆಸರೂ ಹೋಗುತ್ತಿತ್ತು. ಶಬಾನಾಳ ಪದವಿಯ ಮಾತು ಯಾರೂ ಎತ್ತಲಿಲ್ಲ, ಅದು ಎಲ್ಲರ ತಲೆಯಲ್ಲೂ ಇತ್ತು. ಕೊನೆಗೆ ಅವರು ಎದ್ದು ಬಾಗಿಲವರೆಗೆ ಬಂದರು. "ಹೋಗವಾ. ಪೇಪರಿನವರ ಮುಂದ ಮಾತಾಡಿದಾಂವ ನಾನು, ನೀ ಅಲ್ಲ ಅಂತ ಹೇಳು ಅವರಿಗೆ. ಮುದ್ದಾಂ ಹೇಳು."

ಹಾವೇರಿಯಿಂದ ರಾಣೆಬೆನ್ನೂರು, ಅಲ್ಲಿಂದ ಮೇಡ್ಲೇರಿ ಬಸ್ಸು. ದಾರಿಯುದ್ದಕ್ಕೂ ಶಬಾನಾ ಏನು ಹೇಳಬೇಕೆಂದು ಬಾಯಲ್ಲೇ ಪಾಠ ಮಾಡಿಕೊಳ್ಳುತ್ತಿದ್ದಳು. ಹೋಗಿ ನಿಂತರೆ ಪಾಠವೆಲ್ಲ ಮರೆತುಹೋಯಿತು. ಫಕ್ಕೀರಪ್ಪ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದ ಲೋಟದಲ್ಲಿ ಕಂದು ಕಷಾಯ. ನಮ್ಮನ್ನು ಕಂಡು ಮುಖ ಅರಳಿತು.

"ತಂದ್ಯೇನವ್ವಾ ಔಷಧ?"

"ಇಲ್ರಿ ಕಾಕಾ. ತಪ್ಪಾಗೇತಿ ಅಂತ ಹೇಳಾಕ ಬಂದೇನಿ." ಅವಳು ಕಟ್ಟೆಯ ಮುಂದೆ ನಿಂತೇ ಹೇಳಿದಳು. "ನಾ ಬಾಯಿ ಕ್ಯಾನ್ಸರ್ ಅಂತ ತಿಳಕೊಂಡು ಬ್ಯಾರೇದರ ಮ್ಯಾಲೆ ಔಷಧ ಹಾಕಿದ್ದೆ. ಬಾಟ್ಲಿಯಾಗ ಇದ್ದಿದ್ದ ಬ್ಯಾರೆ. ನಿಮಗ ಬಂದ ರೋಗದ ಮ್ಯಾಲೆ ಇದನ್ನ ಒಂದ್ ಸಲಾನೂ ಪರೀಕ್ಷಾ ಮಾಡಿಲ್ರಿ. ಪೇಪರಿನಾಗ ಬಂದಿದ್ದು ಸುಳ್ಳಾತು. ನಮ್ಮ ಸರ್ ಹೇಳಿ ಕಳಿಸ್ಯಾರ, ಮಾತಾಡಿದ್ದು ಅವರಂತ. ಆದ್ರ ಕೆಲಸ ನಂದು."

ಫಕ್ಕೀರಪ್ಪನವರ ಕಣ್ಣು ಕೆಂಪಾದವು. "ಯಾರು ಕೊಟ್ರು, ಏನ್ ಕೊಟ್ರು ಅಂತ ನೋಡದ ಹಿಡಕೊಂಡ್ರ್ಯಾ? ನಾವು ಎತ್ತು ಹಿಡೀಬೇಕಾದ್ರ ಹಲ್ಲು ಎಣಿಸ್ತೇವಿ, ಸುಳಿ ನೋಡ್ತೇವಿ!" ಎಂದು ಕೂಗಿದರು. ಲೋಟ ಅಂಗಳಕ್ಕೆ ಹಾರಿತು. ಓಣಿಯವರು ಹಣಿಕಿ ನೋಡಿದರು. ನನಗೆ ಬಸ್ಸಿನ ವೇಳೆ ನೆನಪಾಗತೊಡಗಿತು. ಶಬಾನಾ ಮಾತ್ರ ಅಲ್ಲಾಡಲಿಲ್ಲ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಅವರು ಅವಳ ಮುಖವನ್ನು ಅಳೆದು ನೋಡಿದರು. ದಲ್ಲಾಳಿ ಕಣ್ಣು. ಆಮೇಲೆ ದನಿ ಇಳಿಸಿ ಹೇಳಿದರು: "ನಾ ನಲವತ್ತು ವರ್ಷ ಸಂತ್ಯಾಗ ನಿಂತೇನಿ. ತನ್ನ ಎತ್ತಿಗೆ ಐಬು ಐತಿ ಅಂತ ತಾನ ಮನೀತನಾ ಬಂದು ಹೇಳಿದವರನ್ನ ಒಬ್ಬರನ್ನೂ ಕಂಡಿಲ್ಲ. ಹೊಗಳಿದವರ ಮಾತು ಕೇಳಿ ಇಷ್ಟ್ ದಿನ ಕುಂತೆ. ಇನ್ನ ನೀ ಹೇಳಿದ್ದ ಕೇಳತೇನಿ. ಏನ್ ಮಾಡ್ಲಿ?"

"ನಾಳೇನ ಹುಬ್ಬಳ್ಳಿಗೆ ಹೋಗ್ರಿ ಕಾಕಾ."

"ಮಾತ್ ಹೋದ್ರ?"

ಒಳಗಿಂದ ಗಂಗವ್ವ ಹೊರಬಂದಳು. "ಮಾತ್ ಹೋದ್ರ ಮನೀಗೆ ಶಾಂತಿ," ಎಂದಳು. "ಟವೆಲ್ ಕೆಳಗ ಬಟ್ಟು ಹಿಡದು ರೇಟ್ ಮಾಡೂದಕ್ಕ ಬಾಯಿ ಯಾಕ ಬೇಕು? ನಡೀರಿ, ಚೀಲ ಕಟ್ಟತೇನಿ." ಸಂತೆಯಲ್ಲಿ ದಲ್ಲಾಳಿಗಳು ಟವೆಲ್ ಮುಚ್ಚಿ ಬೆರಳು ಮುಟ್ಟಿಯೇ ಬೆಲೆ ಕುದುರಿಸುವುದು, ಅದಕ್ಕೆ ಹಾಗೆಂದಳು. ಫಕ್ಕೀರಪ್ಪ ನಕ್ಕರು. ಗಲ್ಲ ನೋಯಿತು, ಕೈಯಿಂದ ಹಿಡಿದುಕೊಂಡೇ ನಕ್ಕರು. ಮರುದಿನ ಮುಂಜಾನೆ ಗಂಡ ಹೆಂಡತಿ ಹುಬ್ಬಳ್ಳಿ ಬಸ್ಸು ಹತ್ತಿದರು. ಇನ್ನೂ ಕೈಮೀರಿರಲಿಲ್ಲ. ಆಪರೇಷನ್ ಆಯಿತು.

ಇತ್ತ ಎರಡನೆಯ ವರದಿಯೂ ಅದನ್ನೇ ಹೇಳಿತು. ಸರ್ ತಾವೇ ಕೂತು ಪತ್ರ ಬರೆದು ಮೊದಲ ಪ್ರಬಂಧವನ್ನು ಹಿಂದಕ್ಕೆ ಪಡೆದರು. ಅದೇ ದಿನಪತ್ರಿಕೆಗೂ ಹೇಳಿಕೆ ಕೊಟ್ಟರು. ಪತ್ರಿಕೆಯವರು ಅದನ್ನು ಒಳಪುಟದ ಮೂಲೆಯಲ್ಲಿ, ಹಲ್ಲುಪುಡಿಯ ಜಾಹೀರಾತಿನ ಕೆಳಗೆ ಹಾಕಿದರು. ಆಮೇಲೆ ಗುರುತು ಪರೀಕ್ಷಿಸಿದ ನಿಜವಾದ ಬಾಯಿ ಕ್ಯಾನ್ಸರ್ ಜೀವಕೋಶಗಳನ್ನು ತರಿಸಿದರು. ಅವು ಹೊಗೆಯಾಡುವ ಮಂಜಿನ ಪೆಟ್ಟಿಗೆಯಲ್ಲಿ ರಾಜಗಾಂಭೀರ್ಯದಿಂದ ಬಂದವು. ಶಬಾನಾ ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಅವಳ ಜೊತೆ ಓದಿದವರು ಕೆಲಸ ಹಿಡಿದಿದ್ದರು, ಇವಳು ಮತ್ತೆ ತೊಟ್ಟು ರುಬ್ಬುತ್ತಿದ್ದಳು. ಒಳಗೊಳಗೇ ನಮಗೆಲ್ಲ ಆಸೆ: ಒಂದು ವೇಳೆ ಇವೂ ಸತ್ತರೆ?

ಸಾಯಲಿಲ್ಲ. ಸಾರ ಹಾಕಿದ ಬಟ್ಟಲು, ಹಾಕದ ಬಟ್ಟಲು ಎರಡರಲ್ಲೂ ಒಂದೇ ಸಮ ಬೆಳೆದು ನಿಂತಿದ್ದವು. ಶಬಾನಾ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ "ಭಾಳ ಚಲೋ ಅದಾವ್ರಿ ಅಕ್ಕಾರ" ಎಂದು ಬಿಕ್ಕಿದಳು. ನಾನು ನನ್ನ ಸೇವೆಯಲ್ಲಿ ಲ್ಯಾಬಿನೊಳಗೆ ಅತ್ತದ್ದು ಅದೊಂದೇ ಸಲ. ಅವಳು ಪಿಎಚ್.ಡಿ. ಪ್ರಬಂಧದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು: ಹೆಪ್ಪು ಹೇಗೆ ಬಂತು, ಹೇಗೆ ಕೆಟ್ಟಿತ್ತು, ಸರಿಯಾದ ಜೀವಕೋಶದ ಮೇಲೆ ಔಷಧ ಹೇಗೆ ಸೋತಿತು. ಸೋತ ಔಷಧಕ್ಕೆ ಪದವಿ ಕೊಡುತ್ತಾರೋ ಇಲ್ಲವೋ ಎಂಬ ಚಿಂತೆ ಇದ್ದೇ ಇತ್ತು.

ಅವಳ ಮೌಖಿಕ ಪರೀಕ್ಷೆ ಬರುವುದರೊಳಗೆ ನಾನು ನಿವೃತ್ತಳಾಗಿದ್ದೆ. ಅತಿಥಿಯಂತೆ ರೇಷ್ಮೆ ಸೀರೆ ಉಟ್ಟು ಹೋಗಿ ಎರಡನೆಯ ಸಾಲಿನಲ್ಲಿ ಕೂತೆ. ಪರೀಕ್ಷಕರು ಹೊರಗಿನಿಂದ ಬಂದವರು, ಮಾತಿನಲ್ಲಿ ಬಿಗಿ. ಸುಮಾರು ಹೊತ್ತು ಅವಳನ್ನು ಹಿಂಡಿದರು. ಅವಳು ಎಲ್ಲೂ ಮುಚ್ಚಿಡಲಿಲ್ಲ. ಕೊನೆಗೆ ಅವರು ಹಾಳೆ ಮಡಚಿ, "ಈ ಕೆಲಸ ಪ್ರಾಮಾಣಿಕವಾಗಿದೆ, ಪದವಿಗೆ ಶಿಫಾರಸು ಮಾಡುತ್ತೇನೆ. ಸಭಿಕರು ಏನಾದರೂ ಕೇಳುವುದಿದ್ದರೆ ಕೇಳಬಹುದು" ಎಂದರು. ಇದು ಪದ್ಧತಿ. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಎಲ್ಲರ ಮನಸ್ಸು ಹೊರಗಿಟ್ಟ ಲಾಡು ಖಾರದ ಮೇಲೆ.

ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು. ಎಡಗಲ್ಲ ಒಳಕ್ಕೆ ಹೋಗಿತ್ತು, ಕಿವಿಯಿಂದ ಗದ್ದದವರೆಗೆ ಹೊಲಿಗೆಯ ಗೆರೆ. ಮೀಸೆ ಒಂದೇ ಕಡೆ ಉಳಿದಿತ್ತು. ಮಾತು ತೊದಲುತ್ತಿತ್ತು, ಆದರೂ ಫಕ್ಕೀರಪ್ಪ ಒಂದೊಂದೇ ಪದ ನಿಧಾನಕ್ಕೆ ಆಡಿದರು.

"ಇದಂತೂ ಆಗಲಿಲ್ಲ. ನನಗ ಬ್ಯಾಡ ಬಿಡ್ರಿ, ನಂದು ಆತು. ಆದ್ರ ನಮ್ಮೂರಾಗ ಗುಟ್ಕಾ ಹಾಕ್ಕೊಂಡು ಓಡ್ಯಾಡೋ ಹುಡುಗರು ಭಾಳ ಅದಾರ್ರಿ. ಮುಂದಿನ ಔಷಧ ಯಾವಾಗ ಚಾಲೂ ಮಾಡತೀರಿ?"

ಪರೀಕ್ಷಕರು ಶಬಾನಾಳನ್ನು ನೋಡಿದರು. ಅವಳು ಸರ್ ಕಡೆ ನೋಡಿದಳು. ಹಾದಿಮನಿ ಸರ್ ಎದ್ದು ನಿಂತು, ಮೇಲಧಿಕಾರಿಗೆ ಉತ್ತರ ಕೊಡುವವರ ಹಾಗೆ ಹೇಳಿದರು:

"ಸೋಮವಾರ ಚಾಲೂ ಮಾಡತೇವ್ರಿ."

ನಾನು ನಿವೃತ್ತಳಾಗಿ ಆಗಲೇ ಎರಡು ವಾರವಾಗಿತ್ತು. ಸೋಮವಾರ ಹೋದೆ.